ಕೆರೆ ದಡದಲ್ಲಿ ಸಾಲಾಗಿ ಸತ್ತು ಬಿದ್ದ ಬಾತುಗಳು: ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಈ ಸಲ ಕೋಡಿ ಬಿದ್ದಿದ್ದ ನಮ್ಮೂರ ಕೆರೆ ಈಗ ಬಿಸಿಲಿಗೆ ಅರ್ಧಕ್ಕಿಳಿದಿದೆ. ಮೊನ್ನೆಯಿಂದ ದಡದಲ್ಲಿ ಬಾತು, ನಾಮದ ಕೋಳಿ, ಮೆಟ್ಟುಗಾಲು ಹಕ್ಕಿಗಳು ಸಾಯುತ್ತಿವೆ. ಇವತ್ತು ಬೆಳಿಗ್ಗೆ ಎಣಿಸಿದೆ, 43. ಒಂದು ಬಾತಿಗೆ ಇನ್ನೂ ಜೀವವಿತ್ತು. ಕಾಲು ಬಾರದೆ ರೆಕ್ಕೆ ಬಡಿದುಕೊಂಡು ತೆವಳಿತು. ಕತ್ತು ಎತ್ತಲಾಗದೆ ಕೊಕ್ಕು ನೀರಿಗೆ ಬಿದ್ದು, ಕಣ್ಣೆದುರೇ ಪ್ರಾಣ ಬಿಟ್ಟಿತು. ಊರಲ್ಲಿ ಕೆಲವರು ಹಕ್ಕಿಜ್ವರ ಅಂತಾರೆ, ಕೆಲವರು ಯಾರೋ ವಿಷ ಹಾಕಿದ್ದಾರೆ ಅಂತಾರೆ. ಏನಿರಬಹುದು?

ಉತ್ತರ: ಆ ಬಾತು ಸತ್ತ ರೀತಿಯನ್ನು ನೀವು ಗಮನಿಸಿ ಬರೆದಿದ್ದು ಬಹಳ ಉಪಕಾರವಾಯಿತು. ಕಾಲು, ರೆಕ್ಕೆ, ಕೊನೆಗೆ ಕತ್ತು ಸೋತು ಹಕ್ಕಿ ಮೊಣಕಾಲಾಳ ನೀರಿನಲ್ಲೇ ಮುಳುಗಿ ಸತ್ತರೆ ನನಗೆ ಮೊದಲು ಅನುಮಾನ ಬರುವುದು ಬಾಟುಲಿಸಂ ಮೇಲೆ, ಅಂದರೆ ಒಂದು ಬ್ಯಾಕ್ಟೀರಿಯಾದ ವಿಷದಿಂದ ಮೈ ಸೋತುಹೋಗುವ ಕಾಯಿಲೆ ಮೇಲೆ.

ರಾಜಸ್ಥಾನದ ಸಾಂಭರ್ ಸರೋವರದಲ್ಲಿ 2019ರ ನವೆಂಬರ್‌ನಲ್ಲಿ ಆಗಿದ್ದು ಇದೇ. 18 ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಹೆಚ್ಚಿನವು ದೂರದಿಂದ ವಲಸೆ ಬಂದವು. ಅಲ್ಲೂ ಮೊದಲು ಎಲ್ಲರ ಬಾಯಲ್ಲಿದ್ದದ್ದು ಹಕ್ಕಿಜ್ವರ. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಬಾಟುಲಿಸಂ ಎಂದು ಗೊತ್ತಾಯಿತು.

ಇದರ ಬ್ಯಾಕ್ಟೀರಿಯಾ ಕೆಸರಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ನೀರು ಇಳಿದು, ಬಿಸಿಯೇರಿ, ಜೊಂಡು ಹುಳ ಕೊಳೆತು ಗಾಳಿಯಾಡದಂತಾದಾಗ ವಿಷ ತಯಾರಿಸುತ್ತದೆ. ಅದನ್ನು ತಿಂದ ಹಕ್ಕಿ ಸಾಯುತ್ತದೆ, ಹೆಣದಲ್ಲಿ ನೊಣದ ಮರಿಹುಳ ಆಗುತ್ತವೆ. ಹುಳಗಳಿಗೆ ಆ ವಿಷದಿಂದ ಏನೂ ಆಗುವುದಿಲ್ಲ, ಆದರೆ ಅವುಗಳ ಮೈಯಲ್ಲಿ ವಿಷ ತುಂಬಿರುತ್ತದೆ. ಬೇರೆ ಬಾತು ಬಂದು ಅಂಥ ನಾಲ್ಕಾರು ಹುಳ ತಿಂದರೂ ಸಾಕು. ಹಾಗಾಗಿ ನಿಮ್ಮ ಕೆರೆಯಲ್ಲಿ ಈಗ ದೊಡ್ಡ ಶತ್ರು ಎಂದರೆ ಎತ್ತದೆ ಬಿಟ್ಟ ಆ 43 ಹೆಣಗಳು. ದಯವಿಟ್ಟು ಇವತ್ತೇ ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ತಿಳಿಸಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಹಾಗಂತ ಹಕ್ಕಿಜ್ವರ ಅಲ್ಲ ಎಂದು ದೂರದಿಂದ ನಾನು ಹೇಳಲಾರೆ. 2020ರ ಕೊನೆ, 2021ರ ಶುರುವಿನಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಅದರಿಂದಲೇ ಸತ್ತವು. ಹಕ್ಕಿಜ್ವರವನ್ನು ಖಚಿತಪಡಿಸುವುದು ಭೋಪಾಲದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯ. ಅದಕ್ಕೇ ಬರಿಗೈಯಲ್ಲಿ ಒಂದನ್ನೂ ಮುಟ್ಟಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಈಗಷ್ಟೇ ಸತ್ತ ಹಕ್ಕಿಯನ್ನು ಇಲಾಖೆಯವರು ಐಸ್ ಮೇಲಿಟ್ಟು ಕಳಿಸಿದರೆ ಪರೀಕ್ಷೆಗೆ ಅನುಕೂಲ. ಮೂರು ದಿನ ಕೊಳೆತದ್ದರಲ್ಲಿ ನಮಗೇನೂ ಸಿಗುವುದಿಲ್ಲ.

ಪ್ರಶ್ನೆ: ವಿಷ ಹಾಕಿದ್ದರೆ ಗೊತ್ತಾಗುತ್ತದಾ ಸಾರ್? ಪಕ್ಕದಲ್ಲೇ ಬಿತ್ತನೆ ನಡೀತಿದೆ. ಹೊಸ ಟವರ್ ಮೇಲೂ ಕೆಲವರಿಗೆ ಅನುಮಾನ.

ಉತ್ತರ: ಕೀಟನಾಶಕ ಸವರಿದ ಬೀಜ ತಿಂದು ನವಿಲು, ಪಾರಿವಾಳ ಸಾಯುವುದು ನಮ್ಮಲ್ಲಿ ಹೊಸದಲ್ಲ. ಆಗ ಸಾವು ಹೊಲದ ಬದುವಿನಲ್ಲಿ, ಕೆಲವೇ ಗಂಟೆಗಳಲ್ಲಿ, ಕಾಳು ತಿನ್ನುವ ಹಕ್ಕಿಗಳಲ್ಲೇ ಹೆಚ್ಚು. ಬಾಯಲ್ಲಿ ಜೊಲ್ಲು, ಮುದುಡಿದ ಉಗುರು, ಕುತ್ತಿಗೆ ಬುಡದ ಚೀಲದಲ್ಲಿ ಅರಗದ ಕಾಳು ಇರುತ್ತವೆ. ನಿಮ್ಮಲ್ಲಿ ಸತ್ತಿರುವುದು ಕೆಸರು ಕೆದಕಿ ತಿನ್ನುವವು.

ಟವರ್ ವಿಷಯ: 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಪಾರ್ಕಿನಲ್ಲಿ ನೂರಾರು ಸ್ಟಾರ್ಲಿಂಗ್ ಹಕ್ಕಿಗಳು ಸತ್ತಾಗ 5ಜಿ ಕಾರಣ ಅಂತ ಜಗತ್ತೆಲ್ಲ ಹಬ್ಬಿತು. ಆ ದಿನಗಳಲ್ಲಿ ಅಲ್ಲಿ 5ಜಿ ಪರೀಕ್ಷೆಯೇ ನಡೆದಿರಲಿಲ್ಲ. ಇಂಥ ಮಾತು ನಂಬಿ ಕೂತರೆ ಹೆಣ ಎತ್ತುವ ಕೆಲಸ ಎರಡು ದಿನ ಹಿಂದೆ ಬೀಳುತ್ತದೆ. ನನ್ನ ಸಂಕಟ ಅದು.

ಕಾರಣ ಯಾರೂ ಊಹಿಸದ್ದೂ ಆಗಿರಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಮರದಿಂದ ಬಿದ್ದು ಸಾಯತೊಡಗಿದವು. ಹೊಟ್ಟೆ ಕೊಯ್ದು ನೋಡಿದಾಗ ಸಿಕ್ಕಿದ್ದು ದುಂಡುಹುಳುಗಳು.

ಪ್ರಶ್ನೆ: ಫೋನ್ ಮಾಡಿದೆ ಸಾರ್, ನಾಳೆ ಬೆಳಿಗ್ಗೆ ಬರ್ತಾರಂತೆ. ದನಗಳಿಗೆ ಆ ಕೆರೆ ನೀರೇ ಗತಿ. ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಬೇರೆ ಇವೆ.

ಉತ್ತರ: ವರದಿ ಬರುವ ತನಕ ದನಗಳಿಗೆ ಬೋರ್‌ವೆಲ್ ನೀರೇ ಕೊಡಿ, ಬಾಟುಲಿಸಂ ಅವನ್ನೂ ಬಿಡುವುದಿಲ್ಲ. ಕೋಳಿಗಳನ್ನು ಕೂಡಿಹಾಕಿ. ಹೆಣದ ಹುಳ ಹೆಕ್ಕಿದರೆ ಅವುಗಳ ಕತ್ತೂ ಹಾಗೇ ಸೋಲುತ್ತದೆ. ನಾಳೆ ಅವರು ಬಂದಾಗ ಆ ಬಾತು ಸತ್ತ ಜಾಗವನ್ನು ನೀವೇ ನಿಂತು ತೋರಿಸಿ. ಇನ್ನೂ ಉಸಿರಾಡುತ್ತಿರುವ ಹಕ್ಕಿ ಕಂಡರೆ ಅದನ್ನು ನೆರಳಿಗೆ ಸೇರಿಸಿ ಶುದ್ಧ ನೀರು ಕುಡಿಸುವಂತೆ ಅವರನ್ನೇ ಕೇಳಿಕೊಳ್ಳಿ. ಕತ್ತು ಪೂರ್ತಿ ಸೋಲದ ಹಕ್ಕಿಗಳು ಎಷ್ಟೋ ಸಲ ಚೇತರಿಸಿಕೊಂಡು ಹಾರಿ ಹೋಗುತ್ತವೆ.