ಕೆನಿ ನಿದ್ದೆಯಲ್ಲಿ ಮರಿಗಳನ್ನು ಕರೀತಾಳೆ, ಎಬ್ಬಿಸಬೇಕಾ ಬೇಡವಾ?

ರಾತ್ರಿಪಾಳಿ (ಕಲಬುರಗಿ):

ನಾನು ಇಲ್ಲಿನ ಒಂದು ದವಾಖಾನೆಯಲ್ಲಿ ನರ್ಸ್. ತಿಂಗಳಲ್ಲಿ ಎರಡು ವಾರ ನೈಟ್ ಡ್ಯೂಟಿ. ಬೆಳಿಗ್ಗೆ ಎಂಟೂವರೆಗೆ ಬ್ರಹ್ಮಪುರದ ಮನೆಗೆ ಬಂದು, ಅವ್ವ ಬಡಿದ ರೊಟ್ಟಿ ತಿಂದು, ಪಡಸಾಲೆಯಲ್ಲಿ ಕೌದಿ ಹಾಸಿ ಮಲಗುತ್ತೇನೆ. ಪಕ್ಕದಲ್ಲಿ ನಮ್ಮ ಬೆಕ್ಕು ಕೆನಿ. ಮೈಯೆಲ್ಲ ಬಿಳಿ, ಬಾಲದ ತುದಿ ಮಾತ್ರ ಸೀದ ಹಾಲಿನ ಬಣ್ಣ.

ಶ್ರಾವಣದಲ್ಲಿ ನಾಲ್ಕು ಮರಿ ಹಾಕಿದ್ದಳು. ಮಾಳಿಗೆ ಮೇಲಿನ ಕೋಣೆಯಲ್ಲಿ, ಹಳೆ ತೊಗರಿ ಚೀಲದ ಮೇಲೆ. ಎರಡು ವಾರದೊಳಗೆ ಮೂರು ಹೋದವು. ಉಳಿದ ಒಂದನ್ನು ನಾನು ಅರಿವೆಯಲ್ಲಿ ಸುತ್ತಿ ಬೆಚ್ಚಗೆ ಇಟ್ಟುಕೊಂಡಿದ್ದೆ. ಅದೂ ಉಳಿಯಲಿಲ್ಲ.

ದೀಪಾವಳಿ ಆದಮೇಲೆ ಒಂದು ವಿಷಯ ಗಮನಿಸುತ್ತಿದ್ದೇನೆ. ಕೆನಿ ಗಾಢವಾಗಿ ಮಲಗಿದಾಗ ಮೊದಲು ಮೀಸೆ ಅದುರುತ್ತೆ. ಆಮೇಲೆ ಮುಚ್ಚಿದ ರೆಪ್ಪೆ ಒಳಗೆ ಕಣ್ಣುಗುಡ್ಡೆ ಓಡಾಡುತ್ತೆ. ಮುಂಗಾಲಿನ ಬೆರಳು ಬಿಚ್ಚಿ ಮುಚ್ಚುತ್ತವೆ. ಕೊನೆಗೆ ಗಂಟಲಿಂದ ಒಂದು ಸಣ್ಣ 'ಪ್ರ್‌ರ್' ಬರುತ್ತೆ. ಅದು ಬೇರೆ ಯಾವಾಗಲೂ ಮಾಡುವ ಸದ್ದಲ್ಲ. ಮಾಳಿಗೆ ಹತ್ತಿ ಮರಿಗಳ ಹತ್ತಿರ ಹೋಗುವಾಗ ಮಾತ್ರ ಹಾಗೆ ಕರೆಯುತ್ತಿದ್ದಳು.

ಅವ್ವನಿಗೆ ಇದನ್ನು ನೋಡೋಕೆ ಆಗಲ್ಲ. "ಪಾಪ, ಮರಿ ನೆನಸ್ಕೊಳ್ಳಕತ್ತದ ಅದು, ಎಬ್ಬಸು" ಅಂತಾಳೆ. ಹೋದ ವಾರ ತಾನೇ ಬೆನ್ನು ತಟ್ಟಿ ಎಬ್ಬಿಸಿದಳು. ಕೆನಿ ಬೆಚ್ಚಿ ಎದ್ದು ಕೈ ಪರಚಿದಳು, ರಕ್ತ ಬಂತು. ನಲ್ಲಿ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆದು, ಅವತ್ತೇ ಕರೆದುಕೊಂಡು ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿದೆ.

ಜೊತೆಗೆ ಕೆಲಸ ಮಾಡುವ ಒಬ್ಬರು ಇದು ಫಿಟ್ಸ್ ಇರಬಹುದು ಅಂದರು. ಅಂದಿನಿಂದ ಸಮಾಧಾನ ಇಲ್ಲ. ಮನುಷ್ಯರ ಫಿಟ್ಸ್ ನನಗೆ ಗೊತ್ತು, ಬೆಕ್ಕಿನದು ಗೊತ್ತಿಲ್ಲ. ಬೆಕ್ಕಿಗೆ ಕನಸು ಬೀಳುತ್ತಾ? ಬಿದ್ದರೆ ಮರಿಗಳದ್ದೇ ಬೀಳುತ್ತಾ? ತಿಳಿದವರು ಹೇಳಿ.

ಬೀದರ್‌ನವ:

ಅಕ್ಕಾ, ನಾನು ಬೀದರ್‌ನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವನು. ಈಗ ದಿನಾ ನೋಡೋದು ದನ, ಎಮ್ಮೆ, ಕುರಿ. ಆದರೂ ಮನೆಯಲ್ಲಿ ಮೂರು ಬೆಕ್ಕು ಇವೆ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಇದು ಫಿಟ್ಸ್ ಥರ ಕಾಣಲ್ಲ.

ಫಿಟ್ಸ್ ಬಂದರೆ ಮೈ ಕಟ್ಟಿಗೆ ಹಾಗೆ ಸೆಟೆದುಕೊಳ್ಳುತ್ತೆ. ನಾಲ್ಕೂ ಕಾಲು ಜೋರಾಗಿ, ಒಂದೇ ತಾಳದಲ್ಲಿ ಹೊಡೆದುಕೊಳ್ಳುತ್ತವೆ. ಜೊಲ್ಲು ಸುರಿಯಬಹುದು, ಮಲಗಿದಲ್ಲೇ ಉಚ್ಚೆ ಆಗಬಹುದು. ಹೆಸರು ಹಿಡಿದು ಕರೆದರೂ ಏಳಲ್ಲ. ಫಿಟ್ಸ್ ನಿಂತ ಮೇಲೂ ಸ್ವಲ್ಪ ಹೊತ್ತು ದಿಕ್ಕು ತಪ್ಪಿದ ಹಾಗೆ ಓಡಾಡುತ್ತೆ. ಕನಸಿನ ನಿದ್ದೆಯಲ್ಲಿ ಮೈ ಮೆತ್ತಗೆ ಇರುತ್ತೆ. ಅದುರೋದು ಅಲ್ಲೊಂದು ಇಲ್ಲೊಂದು, ತಾಳ ಇರಲ್ಲ. ಕರೆದರೆ ತಕ್ಷಣ ಕಣ್ಣು ಬಿಡುತ್ತೆ. ಅವ್ವ ತಟ್ಟಿದ ಕೂಡಲೇ ಕೆನಿ ಎದ್ದಳಲ್ಲ, ಅದು ಒಳ್ಳೆ ಲಕ್ಷಣ. ಆದರೂ ಮುಂದಿನ ಸಲ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ನೀವು ಬಾಯಲ್ಲಿ ಹೇಳೋದಕ್ಕಿಂತ ಡಾಕ್ಟರಿಗೆ ಅದು ಜಾಸ್ತಿ ಉಪಯೋಗ.

ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತೆ ಅಂತೀವಿ, ಆದರೆ ಅದರಲ್ಲಿ ಬಹಳಷ್ಟು ಬರೀ ತೂಕಡಿಕೆ. ಮುಂಗಾಲು ಮಡಚಿ ಕೂತು, ತಲೆ ಎತ್ತಿಕೊಂಡೇ ಕಣ್ಣು ಮುಚ್ಚಿರುತ್ತಲ್ಲ, ಕಿವಿ ಮಾತ್ರ ಅಡುಗೆಮನೆ ಕಡೆ ತಿರುಗುತ್ತಿರುತ್ತೆ, ಅದು. ಕನಸಿನ ನಿದ್ದೆಗೆ ಜಾರಿದರೆ ಕುತ್ತಿಗೆ ಪೂರ್ತಿ ಸಡಿಲ ಆಗುತ್ತೆ, ತಲೆ ಎಲ್ಲಾದರೂ ಒರಗಲೇಬೇಕು.

ಮನುಷ್ಯರಲ್ಲಿ ಈ ಕಣ್ಣುಗುಡ್ಡೆ ಓಡಾಡುವ ನಿದ್ದೆಯನ್ನು 1953ರಲ್ಲಿ ಶಿಕಾಗೋದ ವಿಜ್ಞಾನಿಗಳಾದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಬರೆದು ತೋರಿಸಿದರು. ಆದರೆ ಆಗ ಮೈಗೆ ಏನಾಗುತ್ತೆ ಅಂತ ತಿಳಿದಿದ್ದು ಬೆಕ್ಕುಗಳಿಂದ. ಫ್ರಾನ್ಸಿನ ಲಿಯೋನ್ ಊರಿನ ಮಿಶೆಲ್ ಜೂವೆ 1959ರ ಹೊತ್ತಿಗೆ ಕಂಡುಕೊಂಡಿದ್ದು ಇದನ್ನೇ: ಮೆದುಳು ಎಚ್ಚರದಲ್ಲಿದ್ದ ಹಾಗೆ ಓಡುತ್ತಿರುತ್ತೆ, ಸ್ನಾಯುಗಳಿಗೆ ಮಾತ್ರ ಬೀಗ. ಆ ಬೀಗ ಹಾಕುವ ಜಾಗ ಮೆದುಳಿನ ಬುಡದಲ್ಲಿರುವ ಪಾನ್ಸ್. ಅಲ್ಲಿ ಗಾಯ ಮಾಡಿದ ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಗೆ ಹೊಂಚು ಹಾಕಿದವು, ಪಂಜ ಬೀಸಿದವು. ಕಣ್ಣೆದುರು ಇದ್ದದ್ದು ಅವಕ್ಕೆ ಕಾಣುತ್ತಿರಲಿಲ್ಲ. ಕೆನಿಯ ಮೀಸೆ, ಬೆರಳು, ಆ 'ಪ್ರ್‌ರ್' ಎಲ್ಲ ಬೀಗದ ಸಂದಿಯಿಂದ ಸೋರಿದ ಚೂರುಗಳು ಅಂದುಕೊಳ್ಳಿ.

ಮರಿಗಳದ್ದೇ ಕನಸಾ? ಬೆಕ್ಕಿನ ಬಾಯಿಂದ ಕೇಳೋಕೆ ಆಗಲ್ಲ. ಆದರೆ 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಲೂಯಿ ಮತ್ತು ವಿಲ್ಸನ್ ಇಲಿಗಳನ್ನು ಒಂದು ದಾರಿಯಲ್ಲಿ ಓಡಿಸಿದರು. ಓಡುವಾಗ ಮೆದುಳಿನ ಜೀವಕೋಶಗಳು ಯಾವ ಸಾಲಿನಲ್ಲಿ ಮಿಡಿದವೋ, ಕನಸಿನ ನಿದ್ದೆಯಲ್ಲೂ ಅದೇ ಸಾಲು ಮತ್ತೆ ಬಂತು. ಎಚ್ಚರದಲ್ಲಿ ಮಾಡಿದ್ದು ನಿದ್ದೆಯಲ್ಲಿ ಮರಳಿ ಬರುತ್ತೆ ಅನ್ನೋದಕ್ಕೆ ಅಷ್ಟು ಸಾಕ್ಷಿ ಇದೆ. ಅವ್ವ ಹೇಳಿದ್ದನ್ನು ನಾನು ಸುಳ್ಳು ಅನ್ನಲ್ಲ.

ಎಬ್ಬಿಸಬೇಡಿ. ಎಬ್ಬಿಸಲೇಬೇಕು ಅಂದರೆ ದೂರದಿಂದ ಹೆಸರು ಕರೆಯಿರಿ. ಕೆನಿಗೂ ರೇಬೀಸ್ ಲಸಿಕೆ ಹಾಕಿಸಿ.

ದಾಲ್‌ಮಿಲ್ ಕಾಕಾ (ಸೇಡಂ):

ನಮ್ಮ ಮಿಲ್ಲಿನಲ್ಲಿ ಇಲಿ ಕಾಟಕ್ಕೆ ಬೆಕ್ಕು ಸಾಕಿದ್ದೇವೆ. ಮಷೀನ್ ಗಡಗಡ ಅಂತಿರುತ್ತೆ, ಅವು ಚೀಲದ ಮೇಲೆ ನಿಶ್ಚಿಂತೆಯಿಂದ ಮಲಗಿರುತ್ತವೆ. ಬೇಳೆ ಚೀಲಕ್ಕೆ ಒಂದು ಇಲಿ ಹಲ್ಲು ಹಚ್ಚಿದರೆ ಸಾಕು, ಎದ್ದು ಕೂರುತ್ತವೆ. ಬೇಟೆ ಎಲ್ಲ ಹೊತ್ತು ಮುಳುಗುವಾಗ, ಇಲ್ಲ ಬೆಳಕು ಹರಿಯುವಾಗ. ಚಳಿಗಾಲದಲ್ಲಿ ಮೂಗು ಬಾಲದೊಳಗೆ ಸೇರಿಸಿ ಗುಂಡಗೆ ಮಲಗುತ್ತವೆ. ಮೇ ತಿಂಗಳ ನಲವತ್ತೆರಡು ಡಿಗ್ರಿಯಲ್ಲಿ ಫರಸಿ ಕಲ್ಲಿನ ಮೇಲೆ ಉದ್ದಕ್ಕೆ ಹೊಟ್ಟೆ ಹಚ್ಚಿ ಬಿದ್ದಿರುತ್ತವೆ. ಮರಿ ಕಳೆದುಕೊಂಡ ಒಂದು ಬೆಕ್ಕು ನಮ್ಮಲ್ಲೂ ಇತ್ತು ತಾಯಿ. ಚೀಲದ ಸಂದಿ ಸಂದಿ ಹುಡುಕುತ್ತಿತ್ತು. ಬರಬರುತ್ತಾ ಬಿಟ್ಟಿತು.

ರಾತ್ರಿಪಾಳಿ:

ಬೀದರ್‌ನ ತಮ್ಮಾ, ಬಹಳ ಉಪಕಾರ ಆಯಿತು. ಫಿಟ್ಸ್ ಅಲ್ಲ ಅಂದಿದ್ದೇ ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಆದರೆ ಲಿಯೋನ್‌ನ ಆ ಬೆಕ್ಕುಗಳ ವಿಷಯ ಓದಿ ಸಂಕಟ ಆಯಿತು. ನಮಗೆ ನಿದ್ದೆ ಅಂದರೇನು ಅಂತ ತಿಳಿಯೋಕೆ ಅವು ತಲೆಯಲ್ಲಿ ಗಾಯ ಹೊತ್ತವು. ಅವತ್ತು ರಾತ್ರಿ ವಾರ್ಡಿನಲ್ಲಿ ಅದೇ ನೆನಪು.

ಶಹಾಪುರದ ಚಿಗವ್ವ:

ಮಗಳೇ, ಬೆಕ್ಕಿನ ಮಾತು ಆಯಿತು. ಅದರ ಮೀಸೆ ಅದುರೋದು, ರೆಪ್ಪೆ ಒಳಗೆ ಕಣ್ಣು ತಿರುಗೋದು ನೀನು ಇಷ್ಟು ಸಣ್ಣಗೆ ನೋಡಿದ್ದೀ ಅಂದರೆ ನೀನು ಮಲಗೋದು ಯಾವಾಗ? ರಾತ್ರಿಯೆಲ್ಲ ದುಡಿದು ಬಂದವಳು ಆ ಹೊತ್ತಿಗೆ ಎಚ್ಚರ ಇರಬಾರದು. ನಿನ್ನ ನಿದ್ದೆ ಹೆಂಗದ, ಅದನ್ನು ಹೇಳು ಮೊದಲು.

ರಾತ್ರಿಪಾಳಿ:

ಚಿಗವ್ವಾ, ಇದನ್ನು ಯಾರೂ ಕೇಳಿರಲಿಲ್ಲ. ಕೊನೆಯ ಮರಿ ನನ್ನ ಅಂಗೈಯಲ್ಲೇ ಹೋಯಿತು. ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಉಸಿರು ಎಣಿಸುತ್ತಾ ಕೂತಿದ್ದೆ, ಎಣಿಕೆ ನಿಂತಿತು. ಆಮೇಲೆ ಕೆನಿ ಬಂದು ನನ್ನ ಕೈ ಮೂಸಿ ನೋಡಿದಳು. ಅಲ್ಲಿಂದ ಹತ್ತು ಗಂಟೆಗೆ ಸರಿಯಾಗಿ ಎಚ್ಚರ ಆಗುತ್ತೆ. ಆಮೇಲೆ ಕೆನಿ ಉಸಿರಾಡೋದು ನೋಡುತ್ತಾ ಮಲಗಿರುತ್ತೇನೆ.

ಶಹಾಪುರದ ಚಿಗವ್ವ:

ಗೊತ್ತಾಯಿತು ಬಿಡು. ನನ್ನ ಮಗನೂ ರಾತ್ರಿ ಪಾಳಿಯವನೇ, ಅವನಿಗೆ ಮಾಡಿದ್ದು ಹೇಳ್ತೀನಿ. ರಾತ್ರಿ ಮೂರು ಗಂಟೆ ಮೇಲೆ ಚಹಾ ಬಂದ್. ಕುಡಿದ ಐದಾರು ಗಂಟೆ ಆದರೂ ಅದರ ಅರ್ಧ ಮೈಯಲ್ಲೇ ಇರುತ್ತೆ. ಬೆಳಿಗ್ಗೆ ಬರುವಾಗ ಕಪ್ಪು ಕನ್ನಡಕ ಹಾಕು, ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಹಾರುತ್ತೆ. ಪಡಸಾಲೆ ಬಿಡು, ಒಳಗಿನ ಕತ್ತಲೆ ಕೋಣೆಗೆ ಹೋಗು. ಕೆನಿಯನ್ನೂ ಕರ್ಕೊಂಡು ಹೋಗು. ಆ ಮರಿಗೆ ನೀನು ಮಾಡುವಷ್ಟು ಮಾಡಿದ್ದೀ.

ರಾತ್ರಿಪಾಳಿ:

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಕೆನಿಗೆ ಲಸಿಕೆ ಆಯಿತು. ವಿಡಿಯೋ ನಲವತ್ತು ಸೆಕೆಂಡಿನದು, ಡಾಕ್ಟರ್ ನೋಡಿ ಫಿಟ್ಸ್ ಅಲ್ಲವೇ ಅಲ್ಲ ಅಂದರು. ಅವ್ವ ಈಗ ತಟ್ಟುವುದಿಲ್ಲ. ಆ ಸದ್ದು ಬಂದಾಗ ಬಾಗಿಲಲ್ಲಿ ನಿಂತು "ಇದ್ದೀವಿ, ಮಲ್ಕೋ" ಅಂತ ಮೆಲ್ಲಗೆ ಹೇಳಿ ಹೋಗುತ್ತಾಳೆ. ನಿನ್ನೆ ಹಾಗೆ ಹೇಳಿದಳಂತೆ. ನನಗೆ ಕೇಳಿಸಲಿಲ್ಲ. ಎದ್ದಾಗ ಒಂದೂವರೆ ಆಗಿತ್ತು, ಕೆನಿ ನನ್ನ ಕಾಲಿನ ಸಂದಿಯಲ್ಲಿ ಮಲಗಿದ್ದಳು.