ಚಾವಿ ಯಾರ ಹತ್ರ ಉಂಟು ಮಾರಾಯ್ರೆ?

ಮಂಗಳೂರಿನ ಫ್ಲ್ಯಾಟುಗಳಲ್ಲಿ ಎರಡು ಬಗೆ. ಒಂದು ಜನ ಇರುವುದು, ಇನ್ನೊಂದು ಬೀಗ ಇರುವುದು. ಬೀಗದ ಫ್ಲ್ಯಾಟಿನ ಯಜಮಾನರು ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ. ನಾಗರ ಪಂಚಮಿಗೋ ತೆನೆ ಹಬ್ಬಕ್ಕೋ ತಂಗಿಯ ಮದುವೆಗೋ ಬಂದು, ಬಂದ ವಾರವಿಡೀ ಮುಗ್ಗಲು ವಾಸನೆ ತೆಗೆಯುವುದರಲ್ಲೇ ಕಳೆದು, ಮತ್ತೆ ಬಜ್ಪೆಯಿಂದ ವಿಮಾನ ಹತ್ತುತ್ತಾರೆ. ಬೆಜೈಯ ನಮ್ಮ ಬಿಲ್ಡಿಂಗಿನ ಕಥೆಯೂ ಇದೇ.

ಇಂಥಲ್ಲಿ ನಮ್ಮ ಸೆಕ್ರೆಟರಿ ಲಿಫ್ಟಿನ ಪಕ್ಕ ಒಂದು ನೋಟೀಸು ಅಂಟಿಸಿದರು. ತುರ್ತು ಸಂದರ್ಭಕ್ಕಾಗಿ ಎಲ್ಲರೂ ತಮ್ಮ ಡೂಪ್ಲಿಕೇಟ್ ಚಾವಿಗೆ ಫ್ಲ್ಯಾಟ್ ನಂಬರಿನ ಚೀಟಿ ಕಟ್ಟಿ ವಾಚ್‌ಮನ್‌ನ ವಶಕ್ಕೆ ಕೊಡತಕ್ಕದ್ದು ಅಂತ. ಆದಿತ್ಯವಾರ ಸಂಜೆ, ಹೊರಗೆ ಧೋ ಅಂತ ಮಳೆ, ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ನಡುವೆ ಗೋಳಿಬಜೆ ಪೊಟ್ಟಣ. ಮಾತು ನೋಟೀಸಿನ ಮೇಲೆಯೇ ಬಂತು.

ಮೊದಲು ಬಾಯಿ ಬಿಟ್ಟದ್ದು ವಾಚ್‌ಮನ್ ಬಸಣ್ಣ. ಬಾಗಲಕೋಟೆ ಕಡೆಯವ.

"ಚಾವಿ ನನ್ ಕಡೆ ಬ್ಯಾಡ್ರಿ ಸರ. ಯಾರ ಮನ್ಯಾಗರ ಒಂದ್ ಚಮಚಾ ಕಾಣ್ಲಿಲ್ಲಂದ್ರ ಮೊದಲ ನನ್ ಟ್ರಂಕ್ ತಗಸ್ತೀರಿ."

"ನಿನ್ನ ಮೇಲೆ ಯಾರಿಗೆ ಡೌಟ್ ಉಂಟು ಮಾರಾಯ?" ಅಂದರು ಶೆಟ್ರು. ಮುಂಬಯಿಯಲ್ಲಿ ಹೋಟೆಲು ನಡೆಸಿ, ಮಗನಿಗೆ ಬಿಟ್ಟು ಬಂದವರು.

"ಈಗ ಇಲ್ರಿ. ಚಾವಿ ಕೊಟ್ಟ ಮ್ಯಾಲ ಬರತೈತಿ."

ಇದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ನನ್ನ ಪ್ರಕಾರ ಆ ಸಂಜೆಯ ಅತ್ಯಂತ ತೂಕದ ಮಾತು ಅದೇ. ಆದರೆ ವಾಚ್‌ಮನ್ ಹೇಳಿದ್ದನ್ನು ಮಿನಿಟ್ಸ್ ಪುಸ್ತಕದಲ್ಲಿ ಯಾರು ಬರೆಯುತ್ತಾರೆ?

"ಹಾಗಂತ ಚಾವಿ ಎಲ್ಲಿಯೂ ಬೇಡ ಅಂದ್ರೆ ನನ್ನ ಅವಸ್ಥೆ ಆಗ್ತದೆ," ಅಂತ ಜೆಸಿಂತಾ ಬಾಯಿ ಶುರು ಮಾಡಿದರು. ಅವರ ಅವಸ್ಥೆ ನಮಗೆಲ್ಲ ಬಾಯಿಪಾಠ. ಆದರೂ ಕೇಳಲೇಬೇಕು, ಗೋಳಿಬಜೆ ತಂದದ್ದು ಅವರು.

ಆದದ್ದು ಇಷ್ಟು. ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ನೀರು ಇಳಿದು ಊರಿಗೆಲ್ಲ ರೇಶನಿಂಗ್. ಬಾಯಿಯ ಮೇಲಿನ ಮಾಳಿಗೆಯ ದೋಹಾದವರು ಹೊರಡುವ ಗಡಿಬಿಡಿಯಲ್ಲಿ ಅಡುಗೆಮನೆಯ ನಲ್ಲಿ ತಿರುಗಿಸಿದ್ದಾರೆ. ಟ್ಯಾಂಕು ಖಾಲಿ, ಹನಿ ನೀರಿಲ್ಲ. ನಲ್ಲಿಯನ್ನು ಹಾಗೇ ಬಿಟ್ಟರು. ಸಾಲದ್ದಕ್ಕೆ, ಜಿರಳೆ ಮೇಲೆ ಬಾರದಿರಲಿ ಅಂತ ಸಿಂಕಿನ ತೂತಿಗೆ ಬಟ್ಟೆ ತುರುಕಿದರು. ಬೀಗ ಹಾಕಿದರು, ಹಾರಿದರು. ರಾತ್ರಿ ನಾವೆಲ್ಲ ದುಡ್ಡು ಹಾಕಿ ತರಿಸಿದ ಟ್ಯಾಂಕರ್ ಬಂತು.

"ನನ್ನ ಹಾಲ್‌ನಲ್ಲಿ ಆಲ್ತಾರಿನ ಮೇಲೆ, ಸಾಂತ್ ಆಂತೋನಿಯ ಮಂಡೆಗೇ ನೀರು! ಸಾಯ್ಬಾ! ಆ ಮನೆಯ ಚಾವಿ ಅವರ ತಂಗಿಯ ಹತ್ರ, ತಂಗಿ ಕುಂದಾಪುರದಲ್ಲಿ. ಟೆರೇಸಿನಲ್ಲಿ ವಾಲ್ವ್ ಬಂದ್ ಮಾಡುವಾ ಅಂದ್ರೆ ಟೆರೇಸಿಗೆ ಬೀಗ. ಅದರ ಚಾವಿ ಸೆಕ್ರೆಟರಿ ಹತ್ರ, ಸೆಕ್ರೆಟರಿ ಸುಬ್ರಹ್ಮಣ್ಯದಲ್ಲಿ, ಸರ್ಪಸಂಸ್ಕಾರಕ್ಕೆ. ಫೋನ್ ಆಫ್."

"ಮತ್ತೆ ನೀರು ನಿಂತದ್ದು ಹೇಗೆ?" ಎರಡನೇ ಮಾಳಿಗೆಯ ನಿಶಾಂತ ಕೇಳಿದ. ಅವ ಆಗ ಬೆಂಗಳೂರಿನಲ್ಲಿದ್ದ.

"ಸಾಂತ್ ಆಂತೋನಿ ನಿಲ್ಲಿಸಿದ್ದು. ಕ್ಯಾಂಡಲ್ ಹಚ್ಚಿದೆ, ಅರ್ಧ ಗಂಟೆಯಲ್ಲಿ ನಿಂತಿತು."

"ಟ್ಯಾಂಕ್ ಖಾಲಿ ಆಯ್ತು ಬಾಯಿ," ಅಂದರು ಶೆಟ್ರು, "ನಮ್ಮ ದುಡ್ಡಿನ ನೀರು."

ನಿಶಾಂತ ಇಂಜಿನಿಯರು. ಅಮೆರಿಕದಲ್ಲಿ ಎರಡು ವರ್ಷ ಇದ್ದು ಬಂದವ. ಅಲ್ಲಿ ಬಿಲ್ಡಿಂಗಿನ ಹೊರಗೋಡೆಯಲ್ಲೇ ಒಂದು ಗಟ್ಟಿ ಉಕ್ಕಿನ ಪೆಟ್ಟಿಗೆ ಇರುತ್ತದಂತೆ, ನಾಕ್ಸ್ ಬಾಕ್ಸ್ ಅಂತ ಹೆಸರು. ಬಿಲ್ಡಿಂಗಿನ ಚಾವಿ ಅದರೊಳಗೆ. ಪೆಟ್ಟಿಗೆಯ ಚಾವಿ ಮಾತ್ರ ಆ ಊರಿನ ಅಗ್ನಿಶಾಮಕದವರ ಹತ್ತಿರ. ಬೆಂಕಿ ಬಿದ್ದರೆ ಅವರು ಬಂದು ಪೆಟ್ಟಿಗೆ ತೆರೆದು ಒಳಗೆ ಹೋಗುವುದು, ಬಾಗಿಲು ಒಡೆಯುವ ಕೆಲಸವೇ ಇಲ್ಲ.

"ಇಲ್ಲಿ ಇಟ್ರೆ ಪೆಟ್ಟಿಗೆಯನ್ನೇ ಕಿತ್ತು ಗುಜರಿಗೆ ಹಾಕ್ತಾರೆ," ಅಂದರು ಶೆಟ್ರು.

"ಅಲ್ಲಿಯೂ ಎಲ್ಲ ಸಮ ಇಲ್ಲ ಅಂಕಲ್. ನ್ಯೂಯಾರ್ಕಿನಲ್ಲಿ ಲಿಫ್ಟು, ಸಬ್‌ವೇ ಗೇಟು ಎಲ್ಲ ತೆರೆಯುವ ಚಾವಿ ಗೊಂಚಲನ್ನು ಒಬ್ಬ ಹಳೆಯ ಬೀಗದವ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ, 2012ರಲ್ಲಿ. 150 ಡಾಲರಿಗೆ. ತೆಗೊಂಡದ್ದು ಪೇಪರಿನವರು."

"ಅದೇ ನಾನು ಹೇಳುದು," ಅಂತ ಪೈ ಮಾಮ್ ಕನ್ನಡಕ ಒರೆಸಿಕೊಂಡರು. ಪೈ ಮಾಮ್ ಕನ್ನಡಕ ಒರೆಸಿದರೆ ಬ್ಯಾಂಕು ಬರುತ್ತದೆ ಅಂತ ಅರ್ಥ. ಬ್ರಾಂಚ್ ಮ್ಯಾನೇಜರಾಗಿ ರಿಟೈರ್ ಆದವರು. "ಒಂದೇ ಚಾವಿಗೆ ಎಲ್ಲ ಬಾಗಿಲು ತೆರೆಯುವ ವ್ಯವಸ್ಥೆ ಮಾಡಿದ್ರೆ, ಆ ಒಂದು ಚಾವಿ ಹೋದ ದಿನ ಎಲ್ಲ ಬೀಗ ಬದಲಿಸ್ಬೇಕು. ಮಾಸ್ಟರ್ ಕೀ ಅಂದ್ರೆ ಅದೇ."

ಅಷ್ಟರಲ್ಲಿ ಶೆಟ್ರು ಮೊಬೈಲು ತೆಗೆದು, "ನಾನು ಆಗಲೇ ಗ್ರೂಪಿಗೆ ಹಾಕಿದ್ದೇನೆ ನೋಡಿ, ಯಾವ ಚಾವಿ ಯಾವ ಬಾಗಿಲಿಗೆ ಅಂತ ಗೊತ್ತಾಗ್ಲಿ ಅಂತ" ಎಂದು ತೋರಿಸಿದರು. ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಮೈನ್ ಗೇಟು, ಮೀಟರ್ ರೂಮು, ಪಂಪ್ ರೂಮಿನ ಚಾವಿಗಳ ಫೋಟೋ. ಹಲ್ಲು ಹಲ್ಲು ಸ್ಪಷ್ಟ. ಕೆಳಗೆ ಮೂರು ಜನರ ಕೈಮುಗಿದ ಇಮೋಜಿ.

ನಿಶಾಂತ ಮಂಡೆಗೆ ಕೈ ಇಟ್ಟುಕೊಂಡ. "ಅಂಕಲ್, ಡಿಲೀಟ್ ಮಾಡಿ! ಅಮೆರಿಕದ ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ತೆರೆದು ನೋಡುವವರ ಮಾಸ್ಟರ್ ಚಾವಿಗಳ ಫೋಟೋ ಹೀಗೇ ಒಂದು ಪೇಪರಿನಲ್ಲಿ ಬಂದಿತ್ತು. 2015ರಲ್ಲಿ ಜನ ಆ ಫೋಟೋ ನೋಡಿಯೇ ಮನೆಯಲ್ಲಿ ಪ್ರಿಂಟರಿನಲ್ಲಿ ಚಾವಿ ಮಾಡಿದ್ರು. ಬೀಗ ತೆರೆಯಿತು ಕೂಡ."

"ಪ್ರಿಂಟರಿನಲ್ಲಿ ಚಾವಿಯಾ?"

"ಪ್ಲಾಸ್ಟಿಕ್ ಅಂಕಲ್, ತ್ರೀಡಿ ಪ್ರಿಂಟರು."

ಶೆಟ್ರು ಡಿಲೀಟ್ ಒತ್ತಿದರು. ಅವರ ಫೋನಿನಲ್ಲಿ ಮಾತ್ರ ಡಿಲೀಟ್ ಆಯಿತು. ಎಲ್ಲರಿಗೂ ಡಿಲೀಟ್ ಮಾಡುವುದು ಹೇಗೆ ಅಂತ ಹೇಳಿಕೊಡುವಷ್ಟರಲ್ಲಿ ಗೋಳಿಬಜೆ ಮುಗಿದಿತ್ತು.

"ಇಡೀ ದೇಶಕ್ಕೆ ಬ್ಯಾಂಕ್ ಕೊಟ್ಟ ಊರು ಮಾರಾಯ್ರೆ ಇದು," ಪೈ ಮಾಮ್ ಬಿಡಲಿಲ್ಲ. "ಕೆನರಾ 1906. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಈ ಮಣ್ಣಿನಲ್ಲಿ ಹುಟ್ಟಿ ಚಾವಿ ಇಡ್ಲಿಕ್ಕೆ ಗೊತ್ತಿಲ್ಲ ಅಂದ್ರೆ ನಾಚಿಕೆ."

"ಅದರಲ್ಲಿ ಮೂರಕ್ಕೆ ಈಗ ಬೋರ್ಡೇ ಇಲ್ಲ ಮಾಮ್," ಅಂದರು ಶೆಟ್ರು.

ಪೈ ಮಾಮ್ ಎರಡು ನಿಮಿಷ ಮಾತಾಡಲಿಲ್ಲ. ವಿಲೀನದ ವಿಷಯ ಅವರ ಎದುರು ಎತ್ತಬಾರದು. ಆಮೇಲೆ ತಾವಾಗಿಯೇ ಮುಂದುವರಿಸಿದರು. ಸ್ಟ್ರಾಂಗ್ ರೂಮಿಗೆ ಎರಡು ಚಾವಿ, ಎರಡು ಜನ. ಮ್ಯಾನೇಜರ್ ಒಬ್ಬನೇ ಹೋದರೂ ತೆರೆಯದು, ಕ್ಯಾಶಿಯರ್ ಒಬ್ಬನೇ ಹೋದರೂ ತೆರೆಯದು. ಡೂಪ್ಲಿಕೇಟು ಅದೇ ಬ್ರಾಂಚಿನಲ್ಲಿ ಇರುವುದಿಲ್ಲ, ಅರಗಿನ ಸೀಲ್ ಹಾಕಿ ಬೇರೆ ಬ್ರಾಂಚಿಗೆ. ಆಗಾಗ ಅಸಲಿ ಚಾವಿಯನ್ನು ಅಲ್ಲಿಗೆ ಕಳಿಸಿ, ಡೂಪ್ಲಿಕೇಟನ್ನು ತರಿಸಿ ಉಪಯೋಗಿಸುವುದು.

"ಅದು ಯಾಕೆ? ಸುಮ್ಮನೆ ಮಂಡೆ ಬಿಸಿ," ಅಂದೆ ನಾನು.

"ಡೂಪ್ಲಿಕೇಟ್ ನಡೀತದಾ ಇಲ್ವಾ ಅಂತ ಗೊತ್ತಾಗುದು ಬೇಡ್ವಾ? ಪುರಿ ಜಗನ್ನಾಥನ ರತ್ನ ಭಂಡಾರದ ಚಾವಿ ಕಾಣ್ತಾ ಇಲ್ಲ ಅಂತ 2018ರಲ್ಲಿ ದೊಡ್ಡ ಗಲಾಟೆ ಆಯ್ತಲ್ಲ. ಕೊನೆಗೆ ಕಲೆಕ್ಟರ್ ಆಫೀಸಿನ ರೆಕಾರ್ಡ್ ರೂಮಿನಲ್ಲಿ ಒಂದು ಕವರ್ ಸಿಕ್ಕಿತು, ಮೇಲೆ ಡೂಪ್ಲಿಕೇಟ್ ಚಾವಿ ಅಂತ ಬರೆದದ್ದು. ಎಲ್ಲರಿಗೂ ಸಮಾಧಾನ. 2024ರ ಜುಲೈಯಲ್ಲಿ ತೆರೀಲಿಕ್ಕೆ ಹೋದ್ರೆ ಒಳಗಿನ ಬೀಗಕ್ಕೆ ಆ ಚಾವಿ ಆಗ್ಲೇ ಇಲ್ಲ. ಬೀಗ ಕತ್ತರಿಸಿದ್ರು."

ಬಾಯಿ ಎದ್ದು ಕೂತರು. ಅವರು ಪಾದ್ರಿಗಳ ಜೊತೆ ಹೋಲಿ ಲ್ಯಾಂಡ್ ಟೂರಿಗೆ ಹೋಗಿ ಬಂದವರು. "ಯೆರೂಸಲೇಮಿನಲ್ಲಿ ಜೆಜುವಿನ ಸಮಾಧಿಯ ಇಗರ್ಜಿ ಉಂಟಲ್ಲ, ಅದರ ಚಾವಿ ಇರುದು ಒಂದು ಮುಸ್ಲಿಂ ಕುಟುಂಬದ ಹತ್ರ. ಬಾಗಿಲು ತೆಗೆಯುವವರು ಇನ್ನೊಂದು ಮುಸ್ಲಿಂ ಕುಟುಂಬ. ಇವರು ಚಾವಿ ತರ್ಬೇಕು, ಅವರು ತೆಗೀಬೇಕು. ಎಷ್ಟೋ ತಲೆಮಾರಿನಿಂದ ಹಾಗೇ. ಒಳಗೆ ನಮ್ಮವರೇ ನಾಲ್ಕಾರು ಪಂಗಡ, ಒಬ್ಬರನ್ನು ಕಂಡ್ರೆ ಒಬ್ಬರಿಗೆ ಆಗುದಿಲ್ಲ."

"ಇದೇ ನಮ್ಮಲ್ಲಿಗೂ ಸರಿ," ಅಂದರು ಪೈ ಮಾಮ್. "ಚಾವಿ ಒಬ್ಬರ ಹತ್ರ, ಅಧಿಕಾರ ಇನ್ನೊಬ್ಬರ ಹತ್ರ."

ಹಾಗೆ ಪಾರ್ಕಿಂಗಿನಲ್ಲೇ ಒಂದು ಯೋಜನೆ ಹುಟ್ಟಿತು. ಚಾವಿ ಕೊಡಲೇಬೇಕು ಅಂತ ಒತ್ತಾಯ ಇಲ್ಲ. ಕೊಡುವವರು ಕವರಿನಲ್ಲಿ ಹಾಕಿ, ಅಂಟಿಸಿದ ಗೆರೆಯ ಮೇಲೆ ತಾವೇ ಸಹಿ ಮಾಡಬೇಕು. ಕವರಿನ ಮೇಲೆ ಫ್ಲ್ಯಾಟ್ ನಂಬರ್ ಬರೆಯಬಾರದು, ಬೇರೆ ಒಂದು ಗುರುತು ಮಾತ್ರ. ಯಾವ ಗುರುತು ಯಾವ ಮನೆಗೆ ಅನ್ನುವ ಪಟ್ಟಿ ಇನ್ನೊಬ್ಬರ ಮನೆಯಲ್ಲಿ. ಹಾಗಾದರೆ ಕಳ್ಳ ಕವರು ಕದ್ದರೂ ಯಾವ ಬಾಗಿಲು ಅಂತ ಹುಡುಕಬೇಕು. ಕವರು ಒಡೆಯುವಾಗ ಇಬ್ಬರು ಇರಬೇಕು, ಯಜಮಾನನಿಗೆ ಫೋನ್ ಮಾಡಬೇಕು, ಸಿಗದಿದ್ದರೆ ವಿಡಿಯೋ ಮಾಡಿಕೊಂಡು ಒಳಗೆ ಹೋಗಬೇಕು, ರಿಜಿಸ್ಟರಿನಲ್ಲಿ ಗಂಟೆ ಹಾಕಿ ಬರೆಯಬೇಕು. ಬಸಣ್ಣನ ಮುಖ ಮೊದಲ ಸಲ ಅರಳಿತು. ಅವನ ಟ್ರಂಕಿಗೆ ಮುಕ್ತಿ.

ನಿಶಾಂತನಿಗೆ ಇದೆಲ್ಲ ಹಳೇ ಕಾಲದ ಕೆಲಸ ಅನ್ನಿಸಿತು. ಬೆರಳು ಒತ್ತಿದರೆ ತೆರೆಯುವ ಬೀಗ ಹಾಕಿಸಿ, ದೋಹಾದಲ್ಲಿದ್ದವರು ಅಲ್ಲಿಂದಲೇ ಫೋನಿನಲ್ಲಿ ತೆರೆದುಕೊಡಬಹುದು ಅಂದ.

"ನನ್ನ ಬೆರಳನ್ನು ರೇಶನ್ ಅಂಗಡಿಯ ಮೆಷೀನೇ ಒಪ್ಪುದಿಲ್ಲ ಮಗಾ," ಅಂದರು ಬಾಯಿ. "ಮೀನು ಕೊಯ್ದು ಕೊಯ್ದು ಗೆರೆ ಎಲ್ಲ ಹೋಗಿದೆ."

"ಬ್ಯಾಟರಿ ಸತ್ರೆ?" ಶೆಟ್ರು.

"ಹೊರಗಿನಿಂದ ಸಣ್ಣ ಬ್ಯಾಟರಿ ತಾಗಿಸ್ಲಿಕ್ಕೆ ಜಾಗ ಇರ್ತದೆ ಅಂಕಲ್. ಕೆಲವದಕ್ಕೆ ಚಾವಿಯೂ ಇರ್ತದೆ."

"ಆ ಚಾವಿ ಯಾರ ಹತ್ರ?"

ಮತ್ತೆ ಕವರಿಗೇ ಬಂದೆವು.

ಆದರೆ ಪೈ ಮಾಮ್ ಒಂದು ವಿಷಯ ಎತ್ತಿದಾಗ ನಗು ನಿಂತಿತು. ನಮ್ಮಲ್ಲಿ ಒಂಟಿಯಾಗಿರುವ ವಯಸ್ಸಾದವರು ಕಡಿಮೆಯಿಲ್ಲ, ಬಾಯಿಯೂ ಒಬ್ಬರು. ರಾತ್ರಿ ಅವರು ಬಾಗಿಲಿಗೆ ಒಳಗಿನಿಂದ ಮೇಲೊಂದು ಕೆಳಗೊಂದು ಚಿಲಕ, ನಡುವೆ ಚೈನು ಹಾಕುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದರೆ ನೂರು ಡೂಪ್ಲಿಕೇಟ್ ಚಾವಿ ಇದ್ದೂ ಏನು ಫಲ? 112ಕ್ಕೋ 101ಕ್ಕೋ ಫೋನ್ ಮಾಡಿ ಬಾಗಿಲು ಒಡೆಯಬೇಕಷ್ಟೆ. ಮನುಷ್ಯ ಒಳಗಿರುವಾಗ ಹೊರಗಿನ ಚಾವಿಗೆ ತೆರೆಯುವ ಲಾಕ್ ಒಂದೇ ಹಾಕಬೇಕು, ಬಚ್ಚಲಿಗೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸುವ ಲಾಕ್ ಇರಬೇಕು ಅಂತ ಅವರ ವಾದ. ಬಾಯಿ ಚಿಲಕ ಬಿಡಲು ಒಪ್ಪಲಿಲ್ಲ. ಚಿಲಕ ಹಾಕದೆ ಅವರಿಗೆ ನಿದ್ರೆ ಬಾರದಂತೆ. ಕೊನೆಗೆ ಬೆಳಿಗ್ಗೆ ಹಾಲು ಒಳಗೆ ತೆಗೆಯದಿದ್ದರೆ ಬಸಣ್ಣ ಬೆಲ್ ಮಾಡುವುದು ಅಂತ ಆಯಿತು. ಇದು ಚಾವಿಗಿಂತ ಒಳ್ಳೆಯ ವ್ಯವಸ್ಥೆ ಅಂತ ನನಗೆ ಕಂಡಿತು.

ಲಿಫ್ಟಿನ ಬಾಗಿಲು ತೆರೆಯುವ ಮೂರು ಮೂಲೆಯ ಚಾವಿಯನ್ನೂ ಬಸಣ್ಣನಿಗೆ ಕೊಡುವಾ ಅಂದರು ಶೆಟ್ರು. ಅದಕ್ಕೆ ಮಾತ್ರ ನಿಶಾಂತ ಕುರ್ಚಿಯಿಂದ ಎದ್ದೇಬಿಟ್ಟ. ಲಿಫ್ಟು ಎಲ್ಲಿ ನಿಂತಿದೆ ಅಂತ ಗೊತ್ತಿಲ್ಲದೆ ಆ ಬಾಗಿಲು ತೆರೆದವನ ಎದುರು ಇರುವುದು ಗುಂಡಿ. ಕಲಿತವನ ಕೈಯಲ್ಲಿ ಮಾತ್ರ ಇರಬೇಕಾದ ಚಾವಿ ಅದು.

ಆಗ ಸೆಕ್ರೆಟರಿ ಬಂದರು. ಸೊಂಟದಲ್ಲಿ ಚಾವಿಯ ಗೊಂಚಲು, ಯಕ್ಷಗಾನದ ಚೌಕಿಯಿಂದ ವೇಷ ಹೊರಟ ಹಾಗೆ ಸದ್ದು ಮೊದಲು, ಅವರು ಆಮೇಲೆ. ನಮ್ಮ ಯೋಜನೆ ಕೇಳಿ ತಲೆಯಾಡಿಸಿದರು. ಟೆರೇಸಿನ ಮಾತು ಬಂದಾಗ ಮಾತ್ರ ಗಟ್ಟಿಯಾದರು.

"ಟೆರೇಸಿಗೆ ಬೀಗ ಬೇಕೇ ಬೇಕು. ಮಕ್ಕಳು ಹೋಗ್ತಾರೆ, ಕಳ್ಳರು ಪಕ್ಕದ ಬಿಲ್ಡಿಂಗಿನಿಂದ ಇಳೀತಾರೆ, ಒಣಗಿಸಿದ ಹಲಸಿನ ಹಪ್ಪಳ ಕಾಣೆಯಾಗ್ತದೆ."

"ಹೊರಗಿನವ ಬರದ ಹಾಗೆ ಮಾಡಿ, ಒಳಗಿನವ ಹೋಗದ ಹಾಗೆ ಬೇಡ," ಅಂದರು ಪೈ ಮಾಮ್. "2016ರ ನ್ಯಾಶನಲ್ ಬಿಲ್ಡಿಂಗ್ ಕೋಡ್ ನೋಡಿ. ತಪ್ಪಿಸಿಕೊಳ್ಳುವ ಬಾಗಿಲು ಒಳಗಿನಿಂದ ಚಾವಿ ಇಲ್ಲದೆ ತೆರೀಬೇಕು. ದೆಹಲಿಯ ಉಪಹಾರ್ ಥಿಯೇಟರಿನಲ್ಲಿ 1997ರಲ್ಲಿ ಬೆಂಕಿ ಬಿದ್ದು 59 ಜನ ಹೋದ್ರು. ಬಾಲ್ಕನಿಯವರಿಗೆ ಹೊರಗೆ ಬರ್ಲಿಕ್ಕೆ ದಾರಿ ಮುಚ್ಚಿತ್ತು. ಕೆಳಗೆ ಹೊಗೆ ತುಂಬಿದ್ರೆ ನಾವು ಎಲ್ಲಿಗೆ ಓಡುದು?"

"ಒಳಗಿನಿಂದ ನೂಕಿದ್ರೆ ತೆರೆಯುವ ಸರಳು ಬರ್ತದೆ," ಅಂದ ನಿಶಾಂತ. "ನೂಕಿದ ಕೂಡಲೇ ಕೆಳಗೆ ಅಲಾರಂ. ಹಪ್ಪಳ ಕಳ್ಳನೂ ಸಿಗ್ತಾನೆ."

"ಖರ್ಚು?" ಸೆಕ್ರೆಟರಿ. "ನನ್ನ ಹತ್ರ ಚಾವಿ ಉಂಟಲ್ಲ, ಬೇಕಾದಾಗ ತೆರೆದು ಕೊಡ್ತೇನೆ."

"ಹಾಗಾದ್ರೆ ಈಗಲೇ ತೆರೀರಿ. ನಡೀತದಾ ನೋಡುವಾ," ಅಂತ ಪೈ ಮಾಮ್ ಎದ್ದರು.

ಎಲ್ಲರೂ ಮೆಟ್ಟಿಲು ಹತ್ತಿದೆವು, ಬಾಯಿ ಮಾತ್ರ ಲಿಫ್ಟಿನಲ್ಲಿ. ಸೆಕ್ರೆಟರಿ ಒಂದು ಚಾವಿ ಹಾಕಿದರು, ತಿರುಗಲಿಲ್ಲ. ಇನ್ನೊಂದು ಹೋಗಲೇ ಇಲ್ಲ. ಉಪ್ಪು ಗಾಳಿಗೆ ತುಕ್ಕು ಹಿಡಿದಿದೆ, ತೆಂಗಿನೆಣ್ಣೆ ಬಿಡಬೇಕು ಅಂದರು. ಮೂರನೆಯದು ಅವರ ಹಳೇ ಸ್ಕೂಟರಿನದು. ಗೊಂಚಲು ಒಂದು ಸುತ್ತು ಮುಗಿದು ಎರಡನೇ ಸುತ್ತು ಶುರುವಾಗುವಾಗ, ಹಿಂದಿನಿಂದ ಬಸಣ್ಣ "ಸ್ವಲ್ಪ ಸರೀರಿ ಸರ" ಅಂತ ಬಂದು ಬಾಗಿಲಿಗೆ ಭುಜ ಕೊಟ್ಟ. ಬಾಗಿಲು ತೆರೆಯಿತು. ಬೀಗ ಕೊಂಡಿಯ ಸಮೇತ ಅದರ ಜೊತೆಗೇ ಹೋಯಿತು.

"ಏನಯ್ಯಾ ಇದು?"

"ಅಮ್ಮಾರ ಮನ್ಯಾಗ ನೀರ್ ಸೋರಿದ ರಾತ್ರಿನ ಕೊಂಡಿ ಕಿತ್ತೀನ್ರಿ. ಒಳಗ ಹೋಗಿ ವಾಲ್ ಬಂದ್ ಮಾಡಿ, ಬೀಗ ಹಂಗ ತಿರಗಿ ಸಿಗಿಸೀನಿ. ನೋಡಾಕ ಬೀಗ ಇದ್ದಂಗ ಇರ್ಲಿ ಅಂತ."

ಜೆಸಿಂತಾ ಬಾಯಿ ಬಸಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕ್ಯಾಂಡಲಿನ ಲೆಕ್ಕ ಹಾಕುತ್ತಿದ್ದರೋ ಏನೋ. ಸೆಕ್ರೆಟರಿ ಕೊಂಡಿಯ ತೂತು ನೋಡುತ್ತ ನಿಂತರು. ಪೈ ಮಾಮ್ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು ಕೇಳಿದರು:

"ಕಿತ್ತದ್ದು ಆಯ್ತು. ರಿಜಿಸ್ಟರಿನಲ್ಲಿ ಬರ್ದಿದ್ದೀಯಾ?"