ಡ್ಯೂನ್, ಫೌಂಡೇಶನ್, ವೀಲ್ ಆಫ್ ಟೈಮ್: ಎಲ್ಲಿಂದ ಹಿಡಿಯಬೇಕು, ಎಲ್ಲಿ ಬಿಡಬೇಕು?

ಮೊದಲಪುಟ ಕೇಳಿದ್ದು:

ದೊಡ್ಡ ಸರಣಿ ಒಂದನ್ನು ಓದೋಕೆ ಶುರು ಮಾಡಬೇಕು. ಡ್ಯೂನ್ ಸಿನಿಮಾ ಎರಡೂ ನೋಡಿದ್ದೇನೆ, ಗೇಮ್ ಆಫ್ ಥ್ರೋನ್ಸ್ ಟೀವಿಯಲ್ಲಿ ಮುಗಿಸಿದ್ದೇನೆ, ಪುಸ್ತಕ ಯಾವುದೂ ಓದಿಲ್ಲ. ಇಂಗ್ಲಿಷ್ ಅರ್ಥವಾಗುತ್ತೆ, ಓಟ ನಿಧಾನ. ದಿನಕ್ಕೆ ಒಂದು ಗಂಟೆ ಸಿಗಬಹುದು.

ಡ್ಯೂನ್ ಎಷ್ಟು ಭಾಗ ಓದಬೇಕು? ಫೌಂಡೇಶನ್ ಯಾವ ಕ್ರಮದಲ್ಲಿ? ವೀಲ್ ಆಫ್ ಟೈಮ್ 14 ಸಂಪುಟ ಅಂತಾರೆ, ಅಷ್ಟು ಹೊತ್ತು ಕೊಡುವಂಥದ್ದಾ? ಇನ್ನೂ ಮುಗಿಯದ ಸರಣಿಗಳನ್ನು ಮುಟ್ಟಬಹುದಾ? ಆನ್‌ಲೈನ್‌ನಲ್ಲಿ ಒಂದೇ ಪುಸ್ತಕ ಎರಡು ಬೇರೆ ಬೇರೆ ಹೆಸರಲ್ಲಿ ಕಾಣುತ್ತೆ, ಅದೇನು ಕಥೆ? "ಎಲ್ಲಾ ಚೆನ್ನಾಗಿದೆ, ಓದಿ" ಅನ್ನೋ ಉತ್ತರ ಬೇಡ. ಯಾವುದು ಎಲ್ಲಿ ಕೆಡುತ್ತೆ ಅಂತ ಹೇಳಿ.

ಮರಳುದಿಬ್ಬ:

ಡ್ಯೂನ್ ಬಗ್ಗೆ ಮಾತ್ರ ಹೇಳ್ತೀನಿ. ಫ್ರಾಂಕ್ ಹರ್ಬರ್ಟ್ ಬರೆದದ್ದು ಆರು: 1965, 1969, 1976, 1981, 1984, 1985. ನೀವು ನೋಡಿದ ಎರಡು ಸಿನಿಮಾ ಸೇರಿದರೆ ಮೊದಲನೇ ಕಾದಂಬರಿ. ಹಾಗಂತ ಎರಡನೆಯದರಿಂದ ಶುರು ಮಾಡಬೇಡಿ. ಪುಸ್ತಕದಲ್ಲಿ ನಾಯಕ ಪೌಲ್‌ನ ತಂಗಿ ಅಲಿಯಾ ಹುಟ್ಟಿ, ಮಗುವಾಗಿದ್ದುಕೊಂಡೇ ಕೊನೆಯ ಕಾಳಗದಲ್ಲಿ ಕೈಹಾಕುತ್ತಾಳೆ, ಪ್ರೇಯಸಿ ಚಾನಿ ಪೌಲ್‌ನನ್ನು ಬಿಟ್ಟು ಹೋಗೋದಿಲ್ಲ. ಸಿನಿಮಾದ ಕೊನೆಯನ್ನು ತಲೆಯಲ್ಲಿಟ್ಟುಕೊಂಡು "ಡ್ಯೂನ್ ಮೆಸ್ಸಾಯ" ತೆರೆದರೆ ಮೊದಲ ಅಧ್ಯಾಯದಲ್ಲೇ ದಾರಿ ತಪ್ಪುತ್ತೆ.

ಮೊದಲ ಪುಸ್ತಕದಲ್ಲಿ ಜನ ಕೈಬಿಡೋದು ಮೊದಲ ನೂರು ಪುಟದಲ್ಲಿ. ಕಾರಣ ಎರಡು. ಒಂದು, ಹೊಸ ಪದಗಳು. ಪುಸ್ತಕದ ಕೊನೆಯಲ್ಲಿ ಪದಕೋಶ ಇದೆ, ಅದಕ್ಕೊಂದು ಗುರುತುಚೀಟಿ ಮೊದಲೇ ಸಿಕ್ಕಿಸಿಡಿ. ಇ-ಬುಕ್ ಆದರೆ ಆ ಪುಟವನ್ನು ಬುಕ್‌ಮಾರ್ಕ್ ಮಾಡಿ. ಆದರೆ ಪ್ರತಿ ಪದಕ್ಕೂ ಹೋಗಿ ನೋಡಬೇಡಿ, ಮೂರನೇ ಸಲ ಬಂದಾಗಲೂ ತಿಳಿಯದಿದ್ದರೆ ಮಾತ್ರ ನೋಡಿ. ಎರಡು, ಹರ್ಬರ್ಟ್ ಒಂದೇ ದೃಶ್ಯದಲ್ಲಿ ನಾಲ್ಕು ಜನರ ಮನಸ್ಸಿನೊಳಗೆ ಹೊಕ್ಕು ಬರುತ್ತಾನೆ. ದ್ರೋಹ ಮಾಡುವವನು ಯಾರು ಅನ್ನೋದನ್ನೂ ಶುರುವಿನಲ್ಲೇ ಬಾಯಿಬಿಡುತ್ತಾನೆ. ಅದು ಬರವಣಿಗೆಯ ದೋಷವಲ್ಲ. ಗೊತ್ತಿದ್ದೂ ತಡೆಯಲಾಗದ ಸ್ಥಿತಿಯೇ ಅವನಿಗೆ ಬೇಕಾದ್ದು. ಪ್ರತಿ ಅಧ್ಯಾಯದ ತಲೆಯಲ್ಲಿ ಇರುವ ರಾಜಕುಮಾರಿ ಇರುಲಾನ್‌ಳ ಬರಹದ ತುಣುಕನ್ನು ಹಾರಿಸಬೇಡಿ. ಪೌಲ್ ಮುಂದೆ ಏನಾಗುತ್ತಾನೆ ಅನ್ನೋದು ಅಲ್ಲಿಯೇ ಸೋರುತ್ತಿರುತ್ತೆ.

ಎರಡನೆಯದು ಚಿಕ್ಕದು, ಮೊದಲನೆಯದು ಮುಗಿದ ಕೂಡಲೇ ಓದಿ. ಕಥೆ 12 ವರ್ಷ ಮುಂದೆ ಹೋಗಿರುತ್ತೆ. ಪೌಲ್‌ನನ್ನು ವೀರ ಅಂದುಕೊಂಡವರಿಗೆ ಸಿಟ್ಟು ಬರಿಸೋಕೆಂದೇ ಬರೆದ ಹಾಗಿದೆ, ಅದೇ ಅದರ ಬೆಲೆ. ಮೂರನೆಯದರ ನಡುಭಾಗ ಜೊಳ್ಳು. ಒಳಸಂಚಿನ ಮೇಲೆ ಒಳಸಂಚು, ಅರ್ಧದಷ್ಟು ಎಲ್ಲಿಗೂ ಮುಟ್ಟೋದಿಲ್ಲ. ಆದರೂ ಕುಟುಂಬದ ಕಥೆಗೆ ಒಂದು ತುದಿ ಸಿಗುತ್ತೆ. ನನ್ನ ಲೆಕ್ಕದಲ್ಲಿ ಅಲ್ಲಿಗೆ ನಿಲ್ಲಿಸಿ.

ನಾಲ್ಕನೆಯದು 3,500 ವರ್ಷ ಮುಂದಿನ ಕಥೆ, ಬಹುಪಾಲು ಬರೀ ಮಾತು. ಐದು, ಆರು ಹೊಸದೊಂದು ಕಥೆಯನ್ನು ಎತ್ತಿಕೊಂಡು ನಡುವೆಯೇ ನಿಂತಿವೆ, 1986ರಲ್ಲಿ ಹರ್ಬರ್ಟ್ ತೀರಿಕೊಂಡ. ಮಗ ಬ್ರಯಾನ್ ಹರ್ಬರ್ಟ್ ಮತ್ತು ಕೆವಿನ್ ಆಂಡರ್ಸನ್ ಸೇರಿ 2006, 2007ರಲ್ಲಿ ಮುಗಿಸಿದ್ದಾರೆ. ಅಪ್ಪ ಹೇಳದೆ ಬಿಟ್ಟದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳುವ ಬರವಣಿಗೆ. ಬೇಡ.

ಸೆಲ್ಡನ್_ಶಿಷ್ಯ:

ಐಸಾಕ್ ಅಸಿಮೋವ್ ಅವರ ಫೌಂಡೇಶನ್ ಕ್ರಮದ ಬಗ್ಗೆ: ಪ್ರಕಟವಾದ ಕ್ರಮದಲ್ಲಿಯೇ ಓದಿ. ಮೊದಲ ಮೂರು 1951, 1952, 1953. ಆಮೇಲೆ ಸುಮಾರು ಮೂವತ್ತು ವರ್ಷದ ಬಿಡುವು. 1982ರಲ್ಲಿ "ಫೌಂಡೇಶನ್ಸ್ ಎಡ್ಜ್", 1986ರಲ್ಲಿ "ಫೌಂಡೇಶನ್ ಅಂಡ್ ಅರ್ಥ್". ಅದಾದ ಮೇಲೆ ಅಸಿಮೋವ್ ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ತಿರುಗಿ 1988ರಲ್ಲಿ "ಪ್ರಿಲ್ಯೂಡ್" ಬರೆದರು. "ಫಾರ್ವರ್ಡ್" ಅವರು ತೀರಿಕೊಂಡ ಮರುವರ್ಷ, 1993ರಲ್ಲಿ ಬಂತು.

ಹೆಚ್ಚಿನವರು ಎಡವುವುದು ಇಲ್ಲಿ: "ಕಥೆಯ ಕಾಲಕ್ರಮ" ಎಂದು ಯಾರೋ ಪಟ್ಟಿ ಕೊಡುತ್ತಾರೆ, ಅದರಂತೆ "ಪ್ರಿಲ್ಯೂಡ್" ಮೊದಲು ಕೊಳ್ಳುತ್ತಾರೆ. ಆ ಪುಸ್ತಕದ ಕೊನೆಯ ಗುಟ್ಟು 1986ರ ಪುಸ್ತಕದ ಕೊನೆಯನ್ನು ಹಾಳುಮಾಡುತ್ತದೆ. ಜನಸಮೂಹದ ಭವಿಷ್ಯವನ್ನು ಗಣಿತದಿಂದ ಲೆಕ್ಕಹಾಕಿದ ಸೆಲ್ಡನ್ ಎಂಬಾತ ಯಾಕೆ ಮುಖ್ಯ ಎಂದು ಗೊತ್ತಿಲ್ಲದೆ ಅವನ ಯೌವನದ ಕಥೆ ಓದಿದರೆ ರುಚಿಯೂ ಇಲ್ಲ.

ಮೊದಲ ಸಂಪುಟ ಕಾದಂಬರಿಯೇ ಅಲ್ಲ. 1940ರ ದಶಕದಲ್ಲಿ ಪತ್ರಿಕೆಯಲ್ಲಿ ಬಂದ ನಾಲ್ಕು ಕಥೆಗಳಿಗೆ 1951ರಲ್ಲಿ ಹೊಸದಾಗಿ ಒಂದು ಮೊದಲ ಭಾಗ ಬರೆದು ಹೊಲಿದದ್ದು. ಹಾಗಾಗಿ ಪ್ರತಿ ಭಾಗಕ್ಕೂ ಹತ್ತಾರು ವರ್ಷ ಜಿಗಿಯುತ್ತದೆ, ಇಷ್ಟಪಟ್ಟ ಪಾತ್ರ ಮುಂದಿನ ಭಾಗದಲ್ಲಿ ಗೋಡೆಯ ಮೇಲಿನ ಭಾವಚಿತ್ರ ಆಗಿರುತ್ತದೆ. ಭಾಗಕ್ಕೊಂದು ಬಿಡುವು ಕೊಟ್ಟು ಕಥಾಸಂಕಲನದಂತೆ ಓದಿ. ಯುದ್ಧಗಳು ಪುಟದಿಂದಾಚೆ ನಡೆಯುತ್ತವೆ, ಪುಟದ ಮೇಲೆ ಇಬ್ಬರು ಗಂಡಸರು ಕೋಣೆಯಲ್ಲಿ ಕೂತು ವಾದಿಸುತ್ತಾರೆ. ಮೊದಲ ಸಂಪುಟದಲ್ಲಿ ಹೆಂಗಸರು ಇಲ್ಲವೆಂದೇ ಹೇಳಬೇಕು. ಎರಡನೆಯದರಲ್ಲಿ ಬೇಟಾ, ಮೂರನೆಯದರಲ್ಲಿ ಹದಿನಾಲ್ಕರ ಹುಡುಗಿ ಆರ್ಕೇಡಿ ಬಂದ ಮೇಲೆ ಬರವಣಿಗೆಗೆ ಜೀವ ಬರುತ್ತದೆ. ಎರಡನೆಯದರ ಉತ್ತರಾರ್ಧ, ಮ್ಯೂಲ್‌ನ ಭಾಗ, ಇಡೀ ಸರಣಿಯ ತಿರುಳು: ಸೆಲ್ಡನ್ ಲೆಕ್ಕ ಗುಂಪಿಗೆ ಮಾತ್ರ ಹೊಂದುತ್ತದೆ, ಲೆಕ್ಕಕ್ಕೆ ಸಿಗದ ಒಬ್ಬ ಹುಟ್ಟಿದರೆ ಏನು? ಅಲ್ಲಿಯವರೆಗೆ ತಾಳ್ಮೆ ಇರಲಿ.

2021ರಿಂದ ಬಂದ ಟೀವಿ ಸರಣಿ ನೋಡಿ ಬಂದವರಿಗೆ ಒಂದು ಎಚ್ಚರಿಕೆ. ಅದರ ತದ್ರೂಪಿ ಚಕ್ರವರ್ತಿಗಳು ಪುಸ್ತಕದಲ್ಲಿ ಇಲ್ಲ.

ಮೂರಕ್ಕೆ ನಿಲ್ಲಿಸುವುದು ಸರಿ. ನಾಲ್ಕನೆಯದು ಮೂರನೆಯದರ ಸುಮಾರು ಎರಡಷ್ಟು ದಪ್ಪ, ಐದನೆಯದು ಗ್ರಹದಿಂದ ಗ್ರಹಕ್ಕೆ ಅಲೆದು ಒಂದು ಬಾಗಿಲಲ್ಲಿ ನಿಲ್ಲುತ್ತದೆ. ಆ ಬಾಗಿಲನ್ನು ಅವರು ಮತ್ತೆ ತೆರೆಯಲಿಲ್ಲ.

ಕುಡ್ಲದ_ಓದು:

ಮಾರಾಯ್ರೆ, ವೀಲ್ ಆಫ್ ಟೈಮ್‌ಗೆ ಮೊದಲು ಲೆಕ್ಕ ಹಾಕುವ. ಇಡೀ ಸರಣಿ 44 ಲಕ್ಷ ಪದದ ಆಸುಪಾಸು. ನೀವು ನಿಮಿಷಕ್ಕೆ 200 ಪದ ಓದುವವರು ಅಂತ ಇಟ್ಟುಕೊಂಡರೆ ಗಂಟೆಗೆ 12,000. ದಿನಕ್ಕೊಂದು ಗಂಟೆ ತಪ್ಪದೆ ಓದಿದರೆ ಒಂದು ವರ್ಷ ಬೇಕು. ಇದೇ ಓಟದಲ್ಲಿ ಡ್ಯೂನ್ ಮೊದಲ ಪುಸ್ತಕ ಹದಿನೈದು ಹದಿನಾರು ದಿನ. ಹಾಗಾಗಿ ಇದನ್ನು ಮೊದಲ ಸರಣಿ ಮಾಡುವುದು ಬೇಡ.

ಆದರೂ ಹಿಡಿಯುವುದಾದರೆ 1990ರ ಮೊದಲನೆಯದರಿಂದಲೇ. "ನ್ಯೂ ಸ್ಪ್ರಿಂಗ್" ಅಂತ ಪೂರ್ವಕಥೆ ಒಂದು ಉಂಟು, ಅದು ಆಮೇಲೆ. ಮೊದಲ ಸಂಪುಟ ಓದಿ "ಇದು ಟೋಲ್ಕಿನ್ ನಕಲು" ಅಂತ ಬಿಡುವವರು ಬಹಳ. ಸರಣಿ ಬರೆದ ರಾಬರ್ಟ್ ಜೋರ್ಡನ್ ಬೇಕಂತಲೇ ಪರಿಚಿತ ದಾರಿಯಿಂದ ಕರೆದುಕೊಂಡು ಹೋದದ್ದು. ಮೂರನೆಯದರ ಕೊನೆಗೆ ತೀರ್ಮಾನ ಮಾಡಿ. ನಾಲ್ಕನೆಯದು, 1992ರ "ದ ಶಾಡೋ ರೈಸಿಂಗ್", ಸರಣಿಯಲ್ಲೇ ಮೇಲು. ರುಯಿಡಿಯನ್ ಎಂಬ ನಗರದ ಅಧ್ಯಾಯಗಳಲ್ಲಿ ಒಂದು ಜನಾಂಗದ ಚರಿತ್ರೆಯನ್ನು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಓದಿಸುತ್ತಾನೆ. ಅದು ಹಿಡಿಸದಿದ್ದರೆ ಉಳಿದ ಹತ್ತೂ ನಿಮಗಲ್ಲ, ಸಂಶಯವೇ ಇಲ್ಲ.

ಕೆಡುವುದು 7ರಿಂದ 10ರಲ್ಲಿ. ಹತ್ತನೆಯದು ಎಲ್ಲಕ್ಕಿಂತ ಕಷ್ಟ. ಒಂಬತ್ತನೆಯದರ ಕೊನೆಗೆ ಒಂದು ಭಾರೀ ಘಟನೆ ನಡೆಯುತ್ತದಲ್ಲ, ಅದು ನಡೆಯುವಾಗ ಉಳಿದವರು ಎಲ್ಲೆಲ್ಲಿ ಇದ್ದರು ಅಂತ ಹೇಳುವುದರಲ್ಲೇ ಹತ್ತನೆಯದರ ದೊಡ್ಡ ಭಾಗ ಮುಗಿಯುತ್ತದೆ. ಸೀರೆಯ ಕಸೂತಿ, ಸ್ನಾನದ ನೀರು, ಚಹಾದ ರುಚಿ, ಎಲ್ಲದಕ್ಕೂ ಒಂದೊಂದು ಪ್ಯಾರಾ (ಸೀರೆ ಅಲ್ಲ, ಅವರ ಗೌನು, ಆದರೆ ಹಿಂಸೆ ಅದೇ). ಅಲ್ಲಿ ಅಧ್ಯಾಯದ ಸಾರಾಂಶ ಓದಿ ಮುಂದೆ ಹೋದರೆ ಪಾಪ ಏನೂ ಇಲ್ಲ. ಪ್ರತಿ ಅಧ್ಯಾಯದ ತಲೆಯಲ್ಲಿ ಒಂದು ಚಿಕ್ಕ ಚಿತ್ರ ಇರುತ್ತದೆ, ದಾಳ ಕಂಡರೆ ಮ್ಯಾಟ್ ಎಂಬ ಪಾತ್ರದ ಅಧ್ಯಾಯ, ತೋಳ ಕಂಡರೆ ಪೆರಿನ್ ಎಂಬವನದ್ದು. ಮ್ಯಾಟ್ ಅಧ್ಯಾಯ ಬಿಡಬೇಡಿ, ತೋಳದ್ದು ಹಾರಿಸಿದರೆ ನಷ್ಟ ಕಡಿಮೆ.

2005ರ ಹನ್ನೊಂದನೆಯದರಲ್ಲಿ ಮತ್ತೆ ವೇಗ. 2007ರಲ್ಲಿ ಜೋರ್ಡನ್ ತೀರಿಕೊಂಡರು, ಅವರ ಟಿಪ್ಪಣಿ ಹಿಡಿದು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರನ್ನು 2013ರೊಳಗೆ ಮುಗಿಸಿದರು. ಹನ್ನೆರಡರಲ್ಲಿ ಮ್ಯಾಟ್‌ನ ತಮಾಷೆ ಬಲವಂತದ್ದು ಅನಿಸುತ್ತದೆ, ಉಳಿದಂತೆ ಕೆಲಸ ಚೊಕ್ಕ. ಕಾಲಚಕ್ರದ ಕಲ್ಪನೆ ನಮಗೆ ಹೊಸದಲ್ಲ ಬಿಡಿ, ಇಲ್ಲಿ ಯುಗ ನಾಲ್ಕಲ್ಲ, ಏಳು.

ರಟ್ಟು_ಬೈಂಡು:

ಎರಡು ಹೆಸರಿನ ಗೊಂದಲ ಬ್ರಿಟಿಷ್ ಮುದ್ರಣಗಳದ್ದು, ಇಲ್ಲಿ ಹೆಚ್ಚಾಗಿ ಸಿಗೋದು ಅವೇ. ಗೇಮ್ ಆಫ್ ಥ್ರೋನ್ಸ್‌ನ ಮೂಲ ಸರಣಿ ಬರೆದ ಮಾರ್ಟಿನ್‌ನ ಮೂರನೇ ಕಾದಂಬರಿ "ಎ ಸ್ಟಾರ್ಮ್ ಆಫ್ ಸೋರ್ಡ್ಸ್" ಪೇಪರ್‌ಬ್ಯಾಕ್‌ನಲ್ಲಿ ಎರಡು ಭಾಗ: "ಸ್ಟೀಲ್ ಅಂಡ್ ಸ್ನೋ", "ಬ್ಲಡ್ ಅಂಡ್ ಗೋಲ್ಡ್". ಐದನೆಯದೂ ಎರಡು: "ಡ್ರೀಮ್ಸ್ ಅಂಡ್ ಡಸ್ಟ್", "ಆಫ್ಟರ್ ದ ಫೀಸ್ಟ್". ಹೀಗಾಗಿ ಒಟ್ಟಿಗೆ ಮಾರುವ ಬಾಕ್ಸ್ ಸೆಟ್‌ನಲ್ಲಿ 7 ಪುಸ್ತಕ, ಕಾದಂಬರಿ 5. ಏಳು ಕಂಡು ಸರಣಿ ಮುಗಿದಿದೆ ಅಂದುಕೊಂಡು ಕೊಳ್ಳುವವರು ಇದ್ದಾರೆ. ಸ್ಯಾಂಡರ್ಸನ್‌ನ "ದ ವೇ ಆಫ್ ಕಿಂಗ್ಸ್" ಪೇಪರ್‌ಬ್ಯಾಕ್ ಕೂಡ ಪಾರ್ಟ್ ಒನ್, ಪಾರ್ಟ್ ಟೂ. ಪಾರ್ಟ್ ಒನ್‌ಗೆ ಮುಕ್ತಾಯವೇ ಇಲ್ಲ, ಕತ್ತರಿ ಹಾಕಿದ ಕಡೆ ನಿಲ್ಲುತ್ತೆ. ಒಂದನ್ನು ಮಾತ್ರ ಓದಿ ಸರಣಿಗೆ ಮಾರ್ಕ್ಸ್ ಕೊಡಬೇಡಿ. ಎರಡನ್ನೂ ಒಟ್ಟಿಗೆ ತಗೊಳ್ಳಿ.

ಫುಟ್‌ಪಾತ್ ಪ್ರತಿ ಬೇಡ, ಅದರಲ್ಲೂ ಫ್ಯಾಂಟಸಿಗೆ. ನಕ್ಷೆ ಮಸಿಯಾಗಿರುತ್ತೆ, ಕೊನೆಯ ವಂಶಾವಳಿ ಪುಟಗಳು ಎಷ್ಟೋ ಸಲ ಇರೋದೇ ಇಲ್ಲ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿ ನೋಡಿ. ಅಲ್ಲೊಂದು ಸಮಸ್ಯೆ: ಮೊದಲ ಭಾಗ ರಾಶಿ ಇರುತ್ತೆ, ನಡುವಿನವು ಸಿಗಲ್ಲ. ಮೊದಲನೆಯದರ ರಾಶಿ ಎಷ್ಟು ಎತ್ತರವೋ ಅಷ್ಟು ಜನ ಅಲ್ಲಿಗೇ ಬಿಟ್ಟಿದ್ದಾರೆ ಅಂತ ತಿಳಿಯಿರಿ.

ಮುಗಿಯದ ಸರಣಿ: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಾರ್ಟಿನ್‌ನ ಮೊದಲ ಮೂರು (1996ರಿಂದ 2000) ಒಂದು ಘಟ್ಟಕ್ಕೆ ಬಂದು ನಿಲ್ಲುತ್ತವೆ. ಐವರು ರಾಜರ ಯುದ್ಧದ ಕಾವು ಅಲ್ಲಿಗೆ ಇಳಿದಿರುತ್ತೆ. ಟೀವಿ ನೋಡಿದವರಿಗೂ ಲಾಭವಿದೆ, ಪ್ರತಿ ಅಧ್ಯಾಯವೂ ಒಬ್ಬರ ಕಣ್ಣಿನಿಂದ ಮಾತ್ರ. ಅವರಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ನಾಲ್ಕು ಮತ್ತು ಐದನೆಯದನ್ನು ಊರಿನ ಲೆಕ್ಕದಲ್ಲಿ ಸೀಳಿದ್ದಾರೆ: ನಾಲ್ಕರಲ್ಲಿ ಟಿರಿಯನ್, ಜಾನ್, ಡೆನೇರಿಸ್ ಯಾರ ಅಧ್ಯಾಯವೂ ಇಲ್ಲ, ಐದರಲ್ಲಿ ಅವರದ್ದೇ ದರ್ಬಾರು. ಅಧ್ಯಾಯಗಳನ್ನು ಬೆರೆಸಿ ಓದುವ ಪಟ್ಟಿಗಳು ಇವೆ, ಅವು ಎರಡನೇ ಓದಿಗೆ. ಐದನೆಯದು ಬಂದದ್ದು 2011ರಲ್ಲಿ. ಆರನೆಯದಕ್ಕೆ ಕಾಯುವ ಮನಸ್ಸಿಲ್ಲದಿದ್ದರೆ ಮೂರಕ್ಕೇ ಪುಸ್ತಕ ಮುಚ್ಚಿ.

ರಾತ್‌ಫಸ್‌ನ ಕಿಂಗ್‌ಕಿಲ್ಲರ್ ಹಾಗಲ್ಲ. ನಾಯಕ ತನ್ನ ಕಥೆಯನ್ನು ಮೂರು ದಿನ ಹೇಳುತ್ತೇನೆ ಅಂತ ಕೂರುತ್ತಾನೆ, ದಿನಕ್ಕೊಂದು ಪುಸ್ತಕ. 2007, 2011ರಲ್ಲಿ ಎರಡು ದಿನ ಆಯ್ತು. ಮೊದಲ ಪುಟದಲ್ಲೇ ಕಟ್ಟಿದ ಗಂಟು ಬಿಚ್ಚಬೇಕಾದ್ದು ಮೂರನೇ ದಿನ. ಭಾಷೆ ಸೊಗಸು, ಆದರೆ ಸದ್ಯಕ್ಕೆ ಮುಟ್ಟಬೇಡಿ.

ತೆಳುಪುಸ್ತಕ:

ನಿಧಾನ ಓದುವವರಿಗೆ ಯಾರೂ ಅರ್ಥ್‌ಸೀ ಹೇಳಲಿಲ್ಲವಲ್ಲ! ಉರ್ಸುಲಾ ಲೆ ಗ್ವಿನ್, 1968, 1971, 1972. ಮೂರೂ ಸೇರಿದರೂ ಡ್ಯೂನ್ ಒಂದರಷ್ಟು ದಪ್ಪ ಆಗಲ್ಲ. ವಾಕ್ಯ ಸರಳ, ಗಟ್ಟಿಯಾಗಿ ಓದಿದರೆ ಇನ್ನೂ ಚೆನ್ನ. ಮಂತ್ರವಾದಿ ಗೆಡ್ ಕಂದುಬಣ್ಣದವನು, ಎಷ್ಟೋ ಮುಖಪುಟಗಳಲ್ಲಿ ಬಿಳಿಯನನ್ನಾಗಿ ಮಾಡಿದ್ದಾರೆ, ನಂಬಬೇಡಿ. 1990ರ ನಾಲ್ಕನೆಯದು ಮೊದಲ ಮೂರರ ಮೇಲೆಯೇ ಪ್ರಶ್ನೆ ಎತ್ತುತ್ತೆ: ಈ ಮಾಂತ್ರಿಕರ ಲೋಕದಲ್ಲಿ ಹೆಂಗಸರು ಎಲ್ಲಿ? ಮೂರು ಓದಿ ಸ್ವಲ್ಪ ದಿನ ಬಿಟ್ಟು ಅದನ್ನು ಓದಿ.

ವೈಜ್ಞಾನಿಕವೇ ಬೇಕಾದರೆ ಲಿಯು ಸಿಕ್ಸಿನ್‌ನ ಥ್ರೀ-ಬಾಡಿ ಮೂರು ಪುಸ್ತಕ, ಮುಗಿದ ಸರಣಿ. ಚೀನೀ ಹೆಸರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ ಅನ್ನೋದು ನೆನಪಿರಲಿ. ಯೆ ವೆನ್‌ಜೀ, ಯೆ ಝೆತಾಯಿ ಅಂದರೆ ಮಗಳು, ಅಪ್ಪ. ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಹೋಯ್ತು. ಎರಡನೆಯದು "ದ ಡಾರ್ಕ್ ಫಾರೆಸ್ಟ್" ಮೂರರಲ್ಲಿ ಉತ್ತಮ, ಆದರೆ ಅದರ ಮೊದಲ ಭಾಗದಲ್ಲಿ ನಾಯಕ ಕಲ್ಪನೆಯ ಹುಡುಗಿಯೊಬ್ಬಳನ್ನು ಹುಡುಕುವ ಪ್ರಸಂಗ ಮುಜುಗರದ್ದು. ಹಲ್ಲುಕಚ್ಚಿ ದಾಟಿ. ಪಾತ್ರಗಳು ಮರದ ಬೊಂಬೆಗಳು, ವಿಚಾರ ಮಾತ್ರ ನಿದ್ದೆ ಕೆಡಿಸುತ್ತೆ.

ಮರಳುದಿಬ್ಬ ಅವರೇ, ಡ್ಯೂನ್ ಮೂರಕ್ಕೆ ನಿಲ್ಲಿಸಿ ಅಂದಿರಲ್ಲ, ಅದನ್ನು ಒಪ್ಪಲ್ಲ. ಮೂರನೆಯದರ ಕೊನೆಯಲ್ಲಿ ಪೌಲ್‌ನ ಮಗ ಲೆಟೊ ಒಪ್ಪಿಕೊಳ್ಳುವ ಬೆಲೆ ಏನು ಅಂತ ತಿಳಿಯೋದೇ ನಾಲ್ಕರಲ್ಲಿ. ನಿಲ್ಲಿಸೋದಾದರೆ ಎರಡಕ್ಕೆ, ಇಲ್ಲಾ ನಾಲ್ಕಕ್ಕೆ. ಮೂರು ಎಂಬುದು ಸೇತುವೆಯ ಮಧ್ಯ.

ಮರಳುದಿಬ್ಬ:

ವಾದ ಸರಿಯಿದೆ, ನಿಧಾನ ಓದುವವರಿಗೆ ನಾಲ್ಕು ಹೇಳೋಕೆ ಧೈರ್ಯ ಬರಲಿಲ್ಲ ಅಷ್ಟೇ. ಹಾಗಿದ್ದರೆ ಮೊದಲಪುಟ ಅವರು ಹೀಗೆ ಮಾಡಲಿ: ಮೊದಲೆರಡು ಕೊಳ್ಳಿ, ಓದಿ. ಪೌಲ್‌ಗೆ ಆದದ್ದು ಸಾಕು ಅನಿಸಿದರೆ ಅಲ್ಲಿಗೆ ಬಿಡಿ. ಮೂರನೆಯದಕ್ಕೆ ಕೈ ಹಾಕುವ ಮುಂಚೆ ನಾಲ್ಕನೆಯದರ ಮೊದಲ ಅಧ್ಯಾಯವನ್ನು ಇ-ಬುಕ್ ಸ್ಯಾಂಪಲ್‌ನಲ್ಲಿ ತೆರೆದು ಭಾಷೆ ಒಗ್ಗುತ್ತಾ ಅಂತ ನೋಡಿ. ಲೆಟೊ ಏನಾಗಿದ್ದಾನೆ ಅನ್ನೋದು ಅಲ್ಲಿ ಗೊತ್ತಾಗಿಬಿಡುತ್ತೆ, ಅದು ಬೇಡ ಅನ್ನೋರು ಈ ಉಪಾಯ ಬಿಟ್ಟು ಮೂರನ್ನೇ ಸಾಲ ತಂದು ಓದಿ.

ಮೊದಲಪುಟ:

ಎಲ್ಲರಿಗೂ ಧನ್ಯವಾದ. ಮೊದಲು ಅರ್ಥ್‌ಸೀ ಮೂರು, ಆಮೇಲೆ ಡ್ಯೂನ್ ಎರಡು, ನಡುನಡುವೆ ಫೌಂಡೇಶನ್‌ನ ಒಂದೊಂದು ಭಾಗ. ವೀಲ್ ಆಫ್ ಟೈಮ್ ಸದ್ಯಕ್ಕಿಲ್ಲ. ಅರ್ಥ್‌ಸೀ ಬಿಡಿಬಿಡಿಯಾಗಿ ತಗೊಳ್ಳಲಾ, ಒಂದೇ ಸಂಪುಟದ್ದಾ?

ರಟ್ಟು_ಬೈಂಡು:

ನಾಲ್ಕು ಕಾದಂಬರಿ ಒಟ್ಟಿಗಿರುವ ಪೇಪರ್‌ಬ್ಯಾಕ್ ಸಿಕ್ಕರೆ ಸಾಕು. ಎಲ್ಲ ಕಥೆ ಸೇರಿಸಿ ಚಾರ್ಲ್ಸ್ ವೆಸ್ ಚಿತ್ರ ಬರೆದಿರುವ 2018ರ ದೊಡ್ಡ ಸಂಪುಟ ನೋಡೋಕೆ ಚೆಂದ, ಆದರೆ ಮಲಗಿಕೊಂಡು ಓದೋಕಾಗಲ್ಲ, ಮೇಜೇ ಬೇಕು.